ಹತ್ತರಲ್ಲಿ ಏಳು

ಹತ್ತನೆಯ ಹತ್ತಿಯುಂಡೆ ಸದ್ದಿಲ್ಲದೆ ನೆಲಕ್ಕೆ ಬಿತ್ತು. ಮೇಜರ್ ಕುತ್ತಿಗೆ ಹೊರಳಿಸಿ ಅದು ಬಿದ್ದ ಕಡೆಗೇ ಮುಖ ಮಾಡಿದ. ಸೌದಾಮಿನಿ ನೋಟ್‌ಬುಕ್ಕಿನಲ್ಲಿ ಸರಿ ಗುರುತು ಹಾಕಿದಳು. ಹತ್ತರಲ್ಲಿ ಏಳು. ನಿನ್ನೆಯೂ ಏಳು, ಮೊನ್ನೆ ಎಂಟು. ಹೈಯರ್ ಸೆಕೆಂಡರಿಯಲ್ಲಿ ಕೆಮಿಸ್ಟ್ರಿ ಕಲಿಸುವವಳಿಗೆ ಅಷ್ಟು ಸಾಕಿತ್ತು: ನಾಯಿಗೆ ಕಣ್ಣು ಕಾಣುತ್ತದೆ.

ಹನ್ನೆರಡು ವರ್ಷದ ಮೇಜರ್ ಅವಳದಲ್ಲ. ಸಾಕಿದವರು ಉಪ್ಪಳದ ಮನೆಗೆ ಬೀಗ ಹಾಕಿ ದುಬೈಗೆ ಹೋದ ಮೇಲೆ, ಬೇರೆ ಮನೆ ಸಿಗುವವರೆಗೆ ಮಾತ್ರ ಎಂದು ಪ್ರಾಣಿದಯಾ ಸಂಘದವರು ಇವಳಲ್ಲಿ ತಂದು ಬಿಟ್ಟಿದ್ದರು. ಎಡಗಣ್ಣು ಬರುವಾಗಲೇ ಇರಲಿಲ್ಲ. ಬಲಗಣ್ಣು ಒಳಗಿನ ಒತ್ತಡಕ್ಕೆ ಉಬ್ಬಿ, ಹಬೆ ಕೂತ ಗಾಜಿನಂತೆ ಮಸುಕಾಗಿತ್ತು. ಕಾಣುವುದಾದರೆ ಹನಿಮದ್ದು ಹಾಕುತ್ತಾ ಉಳಿಸಲು ನೋಡೋಣ, ಕಾಣದಿದ್ದರೆ ಆ ಕಣ್ಣು ಬರೇ ಹಿಂಸೆ, ತೆಗೆದುಬಿಡುವುದೇ ಒಳ್ಳೆಯದು ಎಂದಿದ್ದರು ಡಾಕ್ಟರ್ ಎಲ್ರೊಯ್. ಆಸ್ಪತ್ರೆಯ ಮೇಜಿನ ಮೇಲೆ ಮೇಜರ್ ಹೆದರಿ ಮುದುಡಿಕೊಂಡ ಕಾರಣ, ಮನೆಯಲ್ಲೇ ಕಣ್ಣೆದುರು ಹತ್ತಿ ಬೀಳಿಸಿ ನೋಡಲು ಹೇಳಿಕೊಟ್ಟಿದ್ದರು. ಹತ್ತಿಗೆ ಸದ್ದಿಲ್ಲ, ತಿರುಗಿದರೆ ನೋಡಿಯೇ ತಿರುಗಿರಬೇಕು. ಹತ್ತು ದಿನದ ಲೆಕ್ಕ ಹಿಡಿದು ಇವತ್ತು ಸಂಜೆ ಅವಳು ಉತ್ತರ ಹೇಳಬೇಕಿತ್ತು.

ದೇವರ ಕೋಣೆಯಿಂದ ಅತ್ತೆ ಪಂಕಜಾಕ್ಷಿ ಹತ್ತಿಯ ಡಬ್ಬಿ ಹುಡುಕುತ್ತಾ ಬಂದರು.

"ನನ್ನ ಬತ್ತಿಯ ಹತ್ತಿಗೆ ಇಲ್ಲಿ ಎಂತ ಕೆಲಸ?"

ಸೌದಾಮಿನಿ ಪರೀಕ್ಷೆಯ ಕ್ರಮವನ್ನು ವಿವರಿಸಿದಳು. ಅತ್ತೆ ಒಂದು ಉಂಡೆಯನ್ನು ಹೆಕ್ಕಿ ಮೂಗಿನ ಹತ್ತಿರ ಹಿಡಿದರು.

"ಇದು ತುಪ್ಪದ ಕೈಯಲ್ಲಿ ಹಿಂಜಿ ಇಟ್ಟದ್ದು ಮಾರಾಯ್ತಿ. ನನಗೇ ಪರಿಮಳ ಬರ್ತದೆ, ನಾಯಿಗೆ ಬರುದಿಲ್ವಾ? ನಿನ್ನ ಶಾಲೆಯ ಮಕ್ಕಳು ಲ್ಯಾಬಿನಲ್ಲಿ ಹೀಗೆ ಮಾಡಿದ್ರೆ ಮಾರ್ಕು ಕೊಡ್ತೀಯಾ?"

ಸೌದಾಮಿನಿಯ ಕಿವಿ ಬಿಸಿಯಾಯಿತು. ಸರಿಯಾಗಿ ತೊಳೆಯದ ಟೆಸ್ಟ್‌ಟ್ಯೂಬ್ ಕಂಡರೆ ಇಡೀ ಪ್ರಯೋಗವನ್ನೇ ಮೊದಲಿಂದ ಮಾಡಿಸುವವಳು ಅವಳು. ಮೆಡಿಕಲ್ ಅಂಗಡಿಗೆ ಹೋಗಿ ಹೊಸ ಹತ್ತಿ ತಂದಳು, ಎರಡು ಸಲ ಸೋಪು ಹಾಕಿ ಕೈ ತೊಳೆದಳು, ಫ್ಯಾನ್ ಆರಿಸಿದಳು. ಈ ಸಲ ಹತ್ತರಲ್ಲಿ ಮೂರು. ಮೂರು ಎಂದರೆ ಏನು? ಚೂರು ಬೆಳಕಾದರೂ ಒಳಗೆ ಹೋಗುತ್ತಿದೆಯೋ, ಸುಮ್ಮನೆ ತಿರುಗಿದ್ದೋ? ಕೊನೆಗೆ ಬರಿಗೈಯನ್ನೇ ಎತ್ತಿ, ಬೆರಳು ಬಿಡಿಸಿ, ಏನನ್ನೂ ಬೀಳಿಸದೆ ಹತ್ತು ಸಲ ನೋಡಿದಳು. ಮೇಜರ್ ನಾಲ್ಕು ಸಲ ತಿರುಗಿದ. ಬಿದ್ದ ಹತ್ತಿಗಿಂತ ಬೀಳದ ಹತ್ತಿಯೇ ಅವನಿಗೆ ಚೆನ್ನಾಗಿ ಕಂಡಿತ್ತು.

"ಹಾಗಾದ್ರೆ ಕಾಣ್ತದಾ, ಇಲ್ವಾ?" ಅತ್ತೆ ಕೇಳಿದರು.

"ನನಗೀಗ ಎಂತದೂ ಗೊತ್ತಾಗುದಿಲ್ಲ ಅತ್ತೆ."

ಐದು ಗಂಟೆಗೆ ಎಲ್ರೊಯ್ ಫೋನ್ ಮಾಡಿದಾಗ ಅವಳು ತುಪ್ಪದ ಸಂಗತಿಯನ್ನೂ ಬಿಡದೆ ಎಲ್ಲವನ್ನೂ ಒಪ್ಪಿಸಿದಳು. ಅವರು ಸ್ವಲ್ಪ ನಕ್ಕರು.

"ಏಳು, ಮೂರು ಎಲ್ಲ ಬಿಡಿ ಟೀಚರ್. ಈ ಹತ್ತು ದಿನ ಅವನಿಗೆ ನೋವು ಎಷ್ಟಿತ್ತು?"

ಸೌದಾಮಿನಿ ನೋಟ್‌ಬುಕ್ ತಿರುವಿದಳು. ತಾರೀಕು, ಸಮಯ, ಕಿಟಕಿಯ ಬೆಳಕು, ಉಂಡೆಯ ಸಂಖ್ಯೆ, ತಿರುಗಿದ, ತಿರುಗಲಿಲ್ಲ. ನೋವಿಗೆ ಅವಳು ಗೆರೆಯನ್ನೇ ಎಳೆದಿರಲಿಲ್ಲ.

"ಕೂಗಿದ್ದಿಲ್ಲ," ಎಂದಳು. "ಊಟ ಮಾಡ್ತಾನೆ. ನನ್ನನ್ನು ತುಂಬ ಹಚ್ಚಿಕೊಂಡಿದ್ದಾನೆ. ಕೂತಲ್ಲಿಗೆ ಬಂದು ಹಣೆಯನ್ನು ನನ್ನ ಮೊಣಕಾಲಿಗೆ ಒತ್ತಿ ನಿಲ್ತಾನೆ. ಎಷ್ಟೋ ಹೊತ್ತು."

ಎಲ್ರೊಯ್ ಮಧ್ಯದಲ್ಲೇ ತಡೆದು ಕೇಳಿದರು.

"ಗೋಡೆಗೂ ಒತ್ತುತ್ತಾನಾ?"

ಅವಳು ಯೋಚಿಸಿದಳು. "ಹೌದು. ಗೋಡೆಗೂ."

"ಅದು ನೋವು ತಡೆಯದೆ ಒತ್ತುದು ಟೀಚರ್. ನಾಳೆ ಬೆಳಿಗ್ಗೆ ಎಂತದೂ ತಿನ್ಲಿಕ್ಕೆ ಕೊಡದೆ ಕರ್ಕೊಂಡು ಬನ್ನಿ, ಕಣ್ಣು ತೆಗೆಯುವ."

ಅವಳು ಫೋನ್ ಕೆಳಗಿಟ್ಟಳು. ಉಗುರುಗಳ ಸದ್ದು ಮಾಡುತ್ತಾ ಬಂದ ಮೇಜರ್ ಅವಳ ಮೊಣಕಾಲಿಗೆ ಹಣೆಯಾನಿಸಿದ. ತಲೆ ಸವರಲು ಹೋದ ಕೈ ಅರ್ಧದಲ್ಲೇ ನಿಂತಿತು. ಅವನು ಇನ್ನಷ್ಟು ಬಲವಾಗಿ ಒತ್ತಿದ.