ತಾಟಿನ ಮೇಲೆ ಎರಡು ಕೈ

ಗೋಧಿಹುಗ್ಗಿಯ ಸೌಟು ತಾಟಿನ ಮೇಲೆ ಬಂದು ನಿಂತ ಕೂಡಲೇ ನಂದಾ ಎರಡೂ ಕೈಗಳನ್ನು ಅಡ್ಡ ಹಿಡಿದಳು. ಬೆಲ್ಲ-ತುಪ್ಪದ ಘಮಕ್ಕೆ ಬಾಯಲ್ಲಿ ನೀರೂರಿತ್ತು, ನಿಜ. ಆದರೆ ಬೊಜ್ಜು ಕರಗಿಸಲೆಂದು ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಇನ್ನೂ ಹದಿನೈದೇ ದಿನ. ಗಂಜಿಯ ಹೊರತು ಏನಿಳಿದರೂ ಒಳಹೊಲಿಗೆ ಬಿಚ್ಚೀತೆಂದು ವೈದ್ಯರು ಎಚ್ಚರಿಸಿದ್ದರು. ಬಡಿಸುತ್ತಿದ್ದ ಚಿಕ್ಕಪ್ಪ ಈರಪ್ಪನಿಗೆ ಇದು ತಿಳಿದಿತ್ತು. ಮಠದ ಪಂಕ್ತಿಯಲ್ಲಿ ತಾಟಿಗೆ ಬಿದ್ದ ಪ್ರಸಾದವನ್ನು ಯಾರೂ ಉಳಿಸುವಂತಿಲ್ಲವೆಂಬುದೂ ತಿಳಿದಿತ್ತು. ಅದಕ್ಕೆಂದೇ ಅವನು ಸೌಟಿನ ತುಂಬ ಹುಗ್ಗಿ ತುಂಬಿಕೊಂಡು ಬಂದಿದ್ದ. ಉಪಚಾರದ ವೇಷ ತೊಟ್ಟ ಹಿಂಸೆಗೆ ಸೌಟೇ ಸಾಕು.

“ಕೈ ತಗೀ ಬೇ! ಹ್ವಾದ ವರ್ಷ ಮೂರು ಸಲ ನೀಡಿಸಿಕೊಂಡು ಉಂಡಾಕಿ, ಈಗ ಪ್ರಸಾದಾನೂ ಒಲ್ಲೆ ಅಂತೀ? ಹೊಟ್ಟಿ ಜೋಡಿ ಭಕ್ತೀನೂ ಕೊಯ್ಸಿಕೊಂಡು ಬಂದಿ ಏನ?”

ಪಂಕ್ತಿಯೆಲ್ಲ ಕಿಸಕ್ಕನೆ ನಕ್ಕಿತು.

“ಕಣ್ಣಿಗೆ ಒತ್ತಿಕೊಂತೇನ್ರಿ ಕಾಕಾ. ಉಣ್ಣಾಕ ಆಗಂಗಿಲ್ರಿ.”

ಈರಪ್ಪ ಸೌಟನ್ನು ಬಗ್ಗಿಸಿಯೇಬಿಟ್ಟ. ಸುಡುವ ಹುಗ್ಗಿ ಅವಳ ಕೈಗಳ ಮೇಲೆ ಬಿದ್ದು, ಎರಡೂ ಬದಿಗೆ ಜಾರಿ ನೆಲದ ಮೇಲೆ ಹರಡಿತು. ಕಣ್ಣಲ್ಲಿ ನೀರು ತುಂಬಿದರೂ ನಂದಾ ಕೈಗಳನ್ನು ಕದಲಿಸಲಿಲ್ಲ. ತಾಟಿಗೆ ಒಂದಗುಳೂ ಬೀಳಲಿಲ್ಲ. ನಗುತ್ತಿದ್ದವರು ನೆಲವನ್ನೊಮ್ಮೆ, ಈರಪ್ಪನನ್ನೊಮ್ಮೆ ನೋಡಿದರು.

“ಪ್ರಸಾದ ನೆಲಕ್ಕ ಚೆಲ್ಲಿದವರು ನೀವು,” ಎಂದಳು ನಂದಾ. “ಬಳಕೊಂಡು ನೀವ ಉಣ್ರಿ.”