ಊದಿದ ಮುಖದ ಪುಟ

"ನಿಮ್ಮ ವೆಬ್‌ಸೈಟೇ ಸುರಕ್ಷಿತವಲ್ಲ ಅಂತ ಬರ್ತಿದೆ. ನಿಮ್ಮನ್ನ ನಂಬಿ ಮನೆಯೊಳಗೆ ಹೇಗೆ ಬಿಡೋದು?" ಎಂದು ಫೋನಿನಲ್ಲಿ ಕೇಳಿದಾತ, ಆ ಹೊತ್ತಿಗೆ ಜೇನುಹುಳುಗಳಿಗೆ ಹೆದರಿ ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡು ಕೂತಿದ್ದ. ಈ ಕಡೆ ಫೋನೆತ್ತಿದ್ದ, ಎಲ್ಲರೂ ಜೇನಮ್ಮ ಎಂದೇ ಕರೆಯುವ ಆಕೆಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತು ವರ್ಷದಿಂದ ಕಂಡವರ ಸೂರಿನಿಂದ ಗೂಡು ಬಿಡಿಸುತ್ತ ಬಂದವಳು; ಜೇನು ತೆಗೆಯುವವರು ಯಾರೆಂದು ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಮೊದಲು ಬರುತ್ತಿದ್ದುದೇ ಅವಳ ಹೆಸರು.

ಸೈಟು ಮಾಡಿಕೊಟ್ಟಿದ್ದ ಅಳಿಯನಿಗೆ ಕರೆ ಹೋಯಿತು. ಸೈಟನ್ನು ಸುರಕ್ಷಿತ ವಿಳಾಸಕ್ಕೆ ಸಾಗಿಸಬೇಕು, ಹಳೆಯ ವಿಳಾಸಕ್ಕೆ ಬಂದವರನ್ನು ಸರಿಯಾಗಿ ಹೊಸದಕ್ಕೆ ಕಳಿಸದಿದ್ದರೆ ಮೊದಲ ಸ್ಥಾನ ಕೈತಪ್ಪುತ್ತದೆ ಎಂದು ಅವನು ವಿವರಿಸಿದ.

"ಮನೆ ಬದಲಾಯಿಸಿದಾಗ ಪೋಸ್ಟಿನವರಿಗೆ ಹೇಳಿದ ಹಾಗೆ," ಎಂದಳು ಜೇನಮ್ಮ.

"ಅಷ್ಟೇ ಅತ್ತೆ. ಅರ್ಧ ಗಂಟೆ ಕೆಲಸ."

ಅರ್ಧ ಗಂಟೆಯಲ್ಲೇ ಮುಗಿಸಿದ. ಆದದ್ದು ಒಂದೇ ಎಡವಟ್ಟು: ನಲವತ್ತು ಪುಟಗಳ ಹಳೆಯ ವಿಳಾಸಗಳನ್ನೂ ಒಂದೇ ಪುಟಕ್ಕೆ ತಿರುಗಿಸಿಬಿಟ್ಟಿದ್ದ. ಅದು ಮುನ್ನೆಚ್ಚರಿಕೆಯ ಪುಟ. ಅಲ್ಲಿದ್ದದ್ದು ಜೇನಮ್ಮನ ಗಂಡನ ಫೋಟೊ. ಮುಸುಕಿಲ್ಲದೆ ಏಣಿ ಹಿಡಿಯಲು ಹೋಗಿ, ಮುಖ ಕುಂಬಳಕಾಯಿಯಾಗಿ, ಕಣ್ಣಿದ್ದ ಜಾಗದಲ್ಲಿ ಎರಡು ಗೆರೆ ಮಾತ್ರ ಉಳಿದಿದ್ದ ದಿನದ್ದು.

ದರ ತಿಳಿಯಲು ಬಂದವರಿಗೂ ಗಂಡ, ಗೂಡಿನ ಬಗೆ ತಿಳಿಯಲು ಬಂದವರಿಗೂ ಗಂಡ. ಬಂದವರು ಬಂದ ಕಾಲಲ್ಲೇ ಓಡಿದರು. ಹತ್ತೇ ದಿನದಲ್ಲಿ ಜೇನಮ್ಮ ಜಾರಿ ಜಾರಿ ಹುಡುಕಾಟದ ಮೂರನೇ ಪುಟದಲ್ಲಿ ಇಲಿ ಹಿಡಿಯುವವರ ಕೆಳಗೆ ಬಿದ್ದಳು. ಫೋನು ಬರುತ್ತಿತ್ತು, ಆದರೆ ಕೆಲಸಕ್ಕಲ್ಲ. ಆ ಮನುಷ್ಯ ಈಗ ಹೇಗಿದ್ದಾರೆ ಎಂದು ಕೇಳಲು. ನಿವೃತ್ತ ನರ್ಸೊಬ್ಬರು ಮಂಜುಗಡ್ಡೆ ಒತ್ತಲು ಹೇಳಿದರು. ಇನ್ಯಾರೋ ದಿನಾ ಬೆಳಿಗ್ಗೆ ವಿಚಾರಿಸತೊಡಗಿದರು. ಫೋಟೊ ಹನ್ನೊಂದು ವರ್ಷ ಹಳೆಯದು ಎಂಬುದನ್ನು ಗಂಡ ಯಾರಿಗೂ ಹೇಳಲಿಲ್ಲ. "ಪರವಾಗಿಲ್ಲ, ಎಡಗಣ್ಣು ಸ್ವಲ್ಪ ಬಿಟ್ಟಿದೆ," ಎಂದು ಸೋತ ದನಿಯಲ್ಲಿ ಉತ್ತರಿಸುತ್ತಿದ್ದ.

"ಅಳಿಯಂದಿರೇ, ನಿಮ್ಮ ಮಾವನ್ನ ನಲವತ್ತು ಬಾಗಿಲಲ್ಲೂ ಯಾಕೆ ನಿಲ್ಲಿಸಿದ್ದೀರಿ?" ಎಂದು ಜೇನಮ್ಮ ಕೇಳಿದಳು. ಮರ್ಯಾದೆ ಹೆಚ್ಚಿದಷ್ಟೂ ಅತ್ತೆಯ ಕೋಪ ಹೆಚ್ಚು ಎಂದು ಅಳಿಯನಿಗೆ ಗೊತ್ತಿತ್ತು. ದಿನವಿಡೀ ಕೂತು ಒಂದೊಂದು ಹಳೆಯ ವಿಳಾಸವನ್ನೂ ಅದರದರ ಹೊಸ ಪುಟಕ್ಕೇ ಜೋಡಿಸಿದ. ಆಮೇಲೆ ಮೂರು ವಾರ ಜೇನಮ್ಮ ದಿನಕ್ಕೆ ನಾಲ್ಕು ಸಲ ಹುಡುಕಿ ನೋಡಿದಳು. ಮೊದಲು ಇಲಿಯವರನ್ನು ದಾಟಿದಳು, ಆಮೇಲೆ ಗೆದ್ದಲಿನವರನ್ನು. ಕೊನೆಗೊಂದು ಬೆಳಿಗ್ಗೆ ಮೊದಲ ಸಾಲಿನಲ್ಲಿ ತನ್ನ ಹೆಸರು ಕಂಡು ಹೋದ ಜೀವ ಬಂದಂತಾಯಿತು.

ಅಂದು ಫೋನು ಎಡೆಬಿಡದೆ ಹೊಡೆದುಕೊಂಡಿತು. ಬಾಲ್ಕನಿ, ಮರ, ನೀರಿನ ಟ್ಯಾಂಕು, ಎಲ್ಲ ಗೂಡಿನ ಮಾತೇ. ಪ್ರತಿ ಸಲವೂ ಗಂಡ ಪೇಪರ್ ಕೆಳಗಿಳಿಸಿ ಅವಳ ಮುಖ ನೋಡುತ್ತಿದ್ದ. ಸಂಜೆ ಅವಳು ಮುಸುಕು ಒಗೆದು ಹರವುತ್ತಿದ್ದಾಗ ಮೆಲ್ಲನೆ ಹತ್ತಿರ ಬಂದು ನಿಂತ.

"ಇವತ್ತು ನನ್ನ ಬಗ್ಗೆ ಯಾರೂ ಕೇಳಲಿಲ್ವಾ?"