ಹತ್ತಡಿ ನಗು

ಮೌಸಿನ ಒಂದು ಒತ್ತಿಗೆ ತುಳಜಾಬಾಯಿಯ ನಗು ಚೂರುಚೂರಾಯಿತು. ಅಂಗೈಯಗಲ ಇದ್ದಾಗ ಬೆಣ್ಣೆಯಂತಿದ್ದ ಮುಖವನ್ನು ಫೋಟೊ ಸ್ಟುಡಿಯೊದ ಪೂನಮ್ ಬ್ಯಾನರಿನ ಅಳತೆಗೆ ಎಳೆದದ್ದೇ ತಡ, ಅದು ಪರದೆಯ ತುಂಬ ಚೌಕ ಚೌಕವಾಗಿ ಒಡೆದು ನಿಂತಿತು.

"ಇದೇನಕ್ಕಾ, ಆಯಿ ಮಾರಿಗಿ ಶಹಾಬಾದ್ ಫರ್ಸಿಕಲ್ಲು ಹಾಸಿದಂಗ ಕಾಣ್ತದಲ್ಲ," ಎಂದ ಸಂಘಪಾಲ.

ಎಲ್ಲರೂ ಆಯಿ ಎಂದೇ ಕರೆಯುವ, ಸೇಡಂ ಬಳಿಯ ಮುಧೋಳದ ಸೂಲಗಿತ್ತಿ ತುಳಜಾಬಾಯಿಗೆ ಭಾನುವಾರ ಊರಿನವರ ಸನ್ಮಾನ. ಆಕೆಯ ಕೈಯಲ್ಲಿ ಹುಟ್ಟಿದ ಹುಡುಗರೆಲ್ಲ ಸೇರಿ ವೇದಿಕೆಯ ಹಿಂದೆ ಹತ್ತಡಿಯ ಬ್ಯಾನರ್ ಕಟ್ಟುವುದೆಂದು ನಿಶ್ಚಯಿಸಿ, ತಮ್ಮಲ್ಲೇ ಒಬ್ಬನಾದ ಸಂಘಪಾಲನನ್ನು ಸೇಡಂಗೆ ಕಳಿಸಿದ್ದರು. ಆಯಿಯೂ ಜೊತೆಗೆ ಬಂದಿದ್ದಳು. ಆಕೆಯದೆಂದು ಇದ್ದದ್ದು ಅದೊಂದೇ ಫೋಟೊ. ನೆರೆಮನೆಯ ಭಾಗಮ್ಮನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದ ದಿನ ಯಾರೋ ಮೊಬೈಲಿನಲ್ಲಿ ಹಿಡಿದದ್ದು. ಕೂಸನ್ನು ಎತ್ತಿಕೊಂಡ ಆಯಿ ಅದರಲ್ಲಿ ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಳು.

"ಇದಕ್ಕಿಂತ ದೊಡ್ಡ ಫೋಟೊ ಇಲ್ಲೇನಣ್ಣ?"

"ಮೊಬೈಲಿನ್ಯಾಗ ಇದ್ದದ್ದೇ ಇಷ್ಟು. ಕಂಪ್ಯೂಟರಿನ್ಯಾಗ ಬೇಕಾದಷ್ಟು ದೊಡ್ಡದು ಮಾಡ್ಬಹುದಂತಲ್ಲ?"

"ಎಳದು ದೊಡ್ಡದು ಮಾಡ್ತದ. ಫೋಟೊದಾಗ ಇಲ್ಲದ್ದು ಎಲ್ಲಿಂದ ತರ್ತದ?" ಎಂದಳು ಪೂನಮ್.

"ಖರೆ ಅದ," ಎಂದಳು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ತುಳಜಾಬಾಯಿ. "ಒಂದು ಮುಟಗಿ ಹಿಟ್ಟು ಪರಾತದ ತುಂಬ ಬಡೀತೀನಂದ್ರ ರೊಟ್ಟಿ ಹರೀತದ."

ಪೂನಮ್‌ಗೆ ನಗು ಬಂದರೂ ಒಳಗೆ ಕಳವಳ. ಸ್ಟುಡಿಯೊ ತೆರೆದು ವರ್ಷ ತುಂಬಿರಲಿಲ್ಲ. ಪಾಸ್‌ಪೋರ್ಟ್ ಅಳತೆಯ ಫೋಟೊ ಬಿಟ್ಟು ದೊಡ್ಡ ಕೆಲಸ ಬಂದದ್ದು ಇದೇ ಮೊದಲು. ಈ ಫರ್ಸಿಗಲ್ಲಿನ ಮುಖ ನಾಲ್ಕೂರ ಜನರ ಮುಂದೆ ನಿಂತರೆ ಆಮೇಲೆ ಇತ್ತ ಯಾರು ಸುಳಿದಾರು? ಅದಕ್ಕೇ ಆಯಿಯನ್ನು ಒಳಗೆ ಕರೆದು, ದೀಪ ಹಾಕಿ, ತನ್ನ ಹೊಸ ಕ್ಯಾಮೆರಾ ಹಿಡಿದಳು. ತುಳಜಾಬಾಯಿ ಎರಡೂ ಕೈ ಮೊಣಕಾಲಿನ ಮೇಲಿಟ್ಟು, ತಹಸೀಲ್ದಾರರ ಮುಂದೆ ಸಾಕ್ಷಿ ಹೇಳಲು ಬಂದವಳಂತೆ ಕೂತಳು.

"ಸ್ವಲ್ಪ ನಗ್ರಿ ಆಯಿ."

"ಬಾಣಂತನ ಮಾಡು ಅಂದ್ರ ಮಾಡ್ತೀನಿ. ಸುಮ್ಮ ಸುಮ್ಮನ ನಗು ಅಂದ್ರ ಹೆಂಗ ನಗ್ಲಿ?"

ಫೋಟೊ ಮಾತ್ರ ಗಾಜಿನಂತೆ ಬಂತು. ಎಷ್ಟು ಎಳೆದರೂ ಒಂದು ಗೆರೆಯೂ ಒಡೆಯಲಿಲ್ಲ. ಸಂಘಪಾಲನಿಗೆ ಸಮಾಧಾನವಾಯಿತು. "ಇದೇ ಇರ್ಲಿ, ಭಾಳ ಕ್ಲಿಯರ್ ಅದ."

ತುಳಜಾಬಾಯಿ ಎದ್ದು ಬಂದು ನೋಡಿದಳು. "ಇದು ಸತ್ತ ಮ್ಯಾಲ ಹಾರ ಹಾಕೋ ಫೋಟೊ. ನಾ ಇನ್ನಾ ಇದ್ದೀನಿ. ಇದನ್ನ ಕಟ್ಟಿದ್ರ ನಾ ಬರಂಗಿಲ್ಲ, ಆ ಶಾಲು ನೀವೇ ಹೊದ್ಕೊಂಡು ಕುಂದ್ರಿ."

ಪೂನಮ್ ಮತ್ತೆ ಹಳೆಯ ಫೋಟೊ ತೆರೆದಳು. ಮುಖ ಅಡ್ಡಕ್ಕಾಗಲಿ ಉದ್ದಕ್ಕಾಗಲಿ ಸೊಟ್ಟಗಾಗದಂತೆ ಎರಡೂ ಅಳತೆಯನ್ನು ಒಟ್ಟಿಗೇ ಹಿಗ್ಗಿಸಿದಳು. ಚುಕ್ಕೆ ಚುಕ್ಕೆಯ ನಡುವಿನ ಬಣ್ಣವನ್ನು ಕಂಪ್ಯೂಟರಿಗೇ ತುಂಬಲು ಬಿಟ್ಟು, ಚೌಕಗಳ ಅಂಚು ನಯ ಮಾಡಿದಳು. ಫರ್ಸಿ ಕರಗಿತು. ಆದರೆ ಧೂಳು ಕೂತ ಕನ್ನಡಿಯಲ್ಲಿ ಕಂಡಂತೆ ಮುಖ ಮಂಜಾಯಿತು.

"ಮಸಕ್ ಮಸಕ್ ಕಾಣ್ತದಕ್ಕಾ," ಎಂದ ಸಂಘಪಾಲ. ಅವನ ಮೂಗು ಪರದೆಗೆ ತಾಗುವುದಷ್ಟೇ ಬಾಕಿ.

ಆ ಮೂಗನ್ನು ನೋಡಿಯೇ ಪೂನಮ್‌ಗೆ ಹೊಳೆಯಿತು. ಹತ್ತಡಿಯ ಬ್ಯಾನರಿಗೆ ಹೀಗೆ ಮೂಗು ಹಚ್ಚಿ ನೋಡುವವರು ಯಾರು? ಆಕೆ ಮಾನಿಟರನ್ನು ಬಾಗಿಲಿನ ಕಡೆ ತಿರುಗಿಸಿದಳು. "ಇಬ್ರೂ ರಸ್ತಾ ದಾಟಿ ಜಗದೇವಪ್ಪನ ಚಾದಂಗಡಿ ಹತ್ರ ನಿಂದ್ರಿ. ಅಲ್ಲಿಂದ ನೋಡಿ ಹೇಳ್ರಿ."

ಇಬ್ಬರೂ ಟಂಟಂ ಆಟೊಗಳ ನಡುವೆ ದಾರಿ ಮಾಡಿಕೊಂಡು ಆಚೆ ಹೋದರು. ತುಳಜಾಬಾಯಿ ಹಣೆಗೆ ಕೈ ಅಡ್ಡ ಹಿಡಿದು ಪರದೆಯ ಕಡೆ ನೋಡಿದಳು. ಆಮೇಲೆ ಆಕೆ ನಕ್ಕ ದನಿ ರಸ್ತೆಯ ಈಚೆ ಬದಿಯಲ್ಲಿದ್ದ ಪೂನಮ್‌ಗೂ ಕೇಳಿಸಿತು.

"ಆ ಕೂಸು ಆವಾಗೇ ನನ್ನ ಹೊಸ ಸೀರಿ ಮ್ಯಾಲ ಉಚ್ಚಿ ಹೊಯ್ದಿತ್ತು. ಅದಕ್ಕ ಹಂಗ ನಗಾಕತ್ತೀನಿ."

ಚಹಾ ಸೋಸುತ್ತಿದ್ದ ಜಗದೇವಪ್ಪ ಕತ್ತೆತ್ತಿ ನೋಡಿದ. "ಯಾರ್ರಿ ಆ ಫೋಟೊದಾಗ, ಇಷ್ಟು ಚಂದ ನಗಾಕತ್ತವ್ರು?"

"ನಾನೇರಿ," ಎಂದಳು ತುಳಜಾಬಾಯಿ, ಸೆರಗು ಸರಿಪಡಿಸಿಕೊಳ್ಳುತ್ತ.

ಪೂನಮ್ ಅದನ್ನು ಅಂದೇ ಸಿಡಿಗೆ ಹಾಕಿ ಬ್ಯಾನರ್ ಮುದ್ರಿಸಲು ಗುಲಬರ್ಗಾಕ್ಕೆ ಕಳಿಸಿದಳು. ಭಾನುವಾರ ಮುಧೋಳದ ಶಾಲೆಯ ಗೇಟು ದಾಟುವಾಗ ಆಕೆಗೆ ಬ್ಯಾನರಿನ ಕಡೆ ಕಣ್ಣೆತ್ತಲೂ ಹೆದರಿಕೆ. ಆದರೆ ಮುಂದೆ ಹೋಗುತ್ತಿದ್ದ ಒಬ್ಬ ಹೆಂಗಸು ಕಂಕುಳಿನ ಮಗುವಿಗೆ ಬೆರಳು ಮಾಡಿ, "ನೋಡಲ್ಲಿ ಆಯಿ ಹೆಂಗ ನಗ್ತಾಳ," ಎಂದದ್ದು ಕಿವಿಗೆ ಬಿತ್ತು. ತಲೆ ಎತ್ತಿದಳು. ಮೈದಾನದ ಆಚೆ ತುದಿಯಲ್ಲಿ, ಹತ್ತಡಿ ಎತ್ತರಕ್ಕೆ, ನಗು ಇಡಿಯಾಗಿತ್ತು.

ಭಾಷಣಗಳು ಮುಗಿದವು. ಶಾಲು ಹೊದಿಸಲು ಹೆಸರು ಕರೆದರೆ ವೇದಿಕೆಯ ನಡುವಿನ ಕುರ್ಚಿ ಖಾಲಿ. ಎಲ್ಲರೂ ಅತ್ತಿತ್ತ ನೋಡಿದರು. ಕೊನೆಗೆ ಆಯಿ ಸಂಘಪಾಲನ ಕಣ್ಣಿಗೆ ಬಿದ್ದಳು: ಕಟ್ಟಕಡೆಯ ಸಾಲಿನಲ್ಲಿ, ಎಳೆಮಕ್ಕಳ ತಾಯಂದಿರ ನಡುವೆ, ಯಾರದೋ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾಳೆ. ಅವನು ಓಡಿ ಬಂದ.

"ಆಯಿ, ಸ್ಟೇಜ್ ಮ್ಯಾಲ ಕರೀಲಿಕತ್ತಾರ, ಏಳ್ರಿ."

"ಅಲ್ಲಿ ಕುಂತು ತಿರುಗಿ ನೋಡಿದ್ರ ಬರೇ ಬಣ್ಣ ಕಾಣ್ತದಪ," ಎಂದಳು ತುಳಜಾಬಾಯಿ. "ನಾ ಇಲ್ಲಿಂದೇ ಛಲೋ ಕಾಣಾಕತ್ತೀನಿ."

ಕಡೆಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಅವುಗಳ ಹಿಂದೆ ಅತಿಥಿಗಳು, ಅವರ ಹಿಂದೆ ಮೈಕಿನ ವೈರು ಎಳೆಯುತ್ತ ಸಂಘಪಾಲ, ಎಲ್ಲರೂ ವೇದಿಕೆಯಿಂದ ಇಳಿದು ಒಬ್ಬರ ಹಿಂದೊಬ್ಬರು ಕಡೆಯ ಸಾಲಿಗೆ ನಡೆದು ಬಂದರು.